ಕೈಯಲ್ಲಿರುವ ಪರದೆಯೂ ಎದುರಿಗಿರುವ ಮುಖವೂ



ಈ ಕಾಲದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಹಳ್ಳಿಗಳಲ್ಲಿಯೂ ಕ್ಯಾಮೆರಾ ಇಲ್ಲದ ಮದುವೆಯು ಅಪರೂಪವಷ್ಟೆ. ಮೊದಲು ಫಿಲ್ಮನ್ನು ತೊಳೆಯುವ ತನಕ ಚಿತ್ರವು ಹೇಗೆ ಬಂದಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. 1995ರಲ್ಲಿ ಕ್ಯಾಸಿಯೋ ಕಂಪನಿಯವರು ಕ್ಯೂವಿ-10 ಎಂಬ ಡಿಜಿಟಲ್ ಕ್ಯಾಮೆರಾದ ಬೆನ್ನಿಗೆ ಚಿಕ್ಕ ಪರದೆಯನ್ನಿಟ್ಟು ಮಾರಿದರು. ಅಂದಿನಿಂದ ತೆಗೆದ ಚಿತ್ರವನ್ನು ನಿಂತಲ್ಲಿಯೇ ನೋಡುವ ಅನುಕೂಲವು ಜನರಿಗೆ ದೊರೆಯಿತು. ಇದು ಒಳ್ಳೆಯ ವರವೇ ಸರಿ. ಆದರೆ ಅದನ್ನು ಯಾವಾಗ ಉಪಯೋಗಿಸಬೇಕು, ಯಾವಾಗ ಬಿಡಬೇಕು ಎಂಬ ವಿವೇಕವೂ ಬೇಕಾಗಿದೆ.

ಮಸ್ಕಿಯ ಬೆಟ್ಟವನ್ನು ನೆನಸಿರಿ. ಅಲ್ಲಿ 1915ರಲ್ಲಿ, ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಅಶೋಕನ ಹೆಸರುಳ್ಳ ಶಾಸನವನ್ನು ಕಂಡನು. ಆ ಬಂಡೆಯ ಚಿತ್ರವನ್ನು ತೆಗೆಯುವವನು ಪ್ರತಿಸಾರಿಯೂ ಪರದೆಯನ್ನು ನೋಡಲಿ. ಅಕ್ಷರಗಳನ್ನು ದೊಡ್ಡದು ಮಾಡಿ ಪರೀಕ್ಷಿಸಲಿ. ಸರಿಬಾರದಿದ್ದರೆ ಮತ್ತೆ ತೆಗೆಯಲಿ. ಎರಡು ಸಾವಿರ ವರುಷಗಳಿಗಿಂತ ಹೆಚ್ಚು ಕಾಲ ನಿಂತಿರುವ ಬಂಡೆಯು ಇನ್ನೊಂದು ಗಳಿಗೆ ಕಾಯದೇ?

ಆದರೆ ಮನುಷ್ಯರ ಮುಖವು ಬಂಡೆಯಲ್ಲ. ಲಿಂಗಸುಗೂರಿನ ಕಡೆ ಒಂದು ಮದುವೆಯೆಂದು ಭಾವಿಸಿರಿ. ಮದುಮಗಳನ್ನು ನೋಡಿ ಅಜ್ಜಿಯ ಕಣ್ಣು ತುಂಬಿ ಬರುತ್ತದೆ. ಆ ಕ್ಷಣದಲ್ಲಿ ಚಿತ್ರ ತೆಗೆಯುವವನು ತಲೆ ತಗ್ಗಿಸಿ ಹಿಂದಿನ ಚಿತ್ರವನ್ನೇ ನೋಡುತ್ತಿದ್ದರೆ, ಆ ಮುಖವು ಎಲ್ಲಿಯೂ ಉಳಿಯುವದಿಲ್ಲ. ಮುಂದಿನ ವರುಷ ಅಜ್ಜಿಯೇ ಇಲ್ಲದೆ ಹೋದರೆ ಮನೆಯವರು ಏನನ್ನು ನೋಡಿ ಸಮಾಧಾನಪಟ್ಟಾರು? ನೇಗಿಲಿಗೆ ಕೈ ಹಾಕಿ ಹಿಂದಕ್ಕೆ ನೋಡುವವನ ವಿಷಯವಾಗಿ ಕರ್ತನು ಎಚ್ಚರಿಸಿದ್ದನ್ನು ಬಲ್ಲಿರಿ. ಅಂಥವನ ಸಾಲು ಡೊಂಕಾಗುವದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಪರದೆಯನ್ನು ನೋಡಲೇಬಾರದೋ? ನೋಡಬೇಕು. ಕಾರ್ಯವು ಆರಂಭವಾಗುವ ಮೊದಲು ಒಂದೆರಡು ಚಿತ್ರಗಳನ್ನು ತೆಗೆದು, ಬೆಳಕೂ ಸ್ಪಷ್ಟತೆಯೂ ಸರಿಯಾಗಿವೆಯೋ ಎಂದು ನೋಡಿರಿ. ಬಿಸಿಲಿನಿಂದ ನೆರಳಿಗೆ ಹೋದಾಗ ಮತ್ತೆ ನೋಡಿರಿ. ತರುವಾಯ, ತೆಗೆದೊಡನೆ ಚಿತ್ರವು ತಾನಾಗಿ ಪರದೆಯ ಮೇಲೆ ತೋರುವ ಏರ್ಪಾಡನ್ನು ನಿಲ್ಲಿಸಿ, ಕಣ್ಣನ್ನು ಜನರ ಮೇಲಿಡಿರಿ. ಬ್ಯಾಟರಿಯೂ ಉಳಿಯುವದು.

ಅಳಿಸುವ ವಿಷಯದಲ್ಲಂತೂ ಆತುರಪಡಬೇಡಿರಿ. ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಪರದೆಯು ಮಂಕಾಗಿ, ಒಳ್ಳೆಯ ಚಿತ್ರವೂ ಕಪ್ಪಾಗಿ ತೋರುವದು. ರಾತ್ರಿಯಲ್ಲಿಯಾದರೋ ಕಪ್ಪಾದ ಚಿತ್ರವೂ ಬೆಳ್ಳಗೆ ಹೊಳೆಯುವದು. ಆದಕಾರಣ ಕಣ್ಣಂದಾಜಿಗಿಂತ, ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆಯನ್ನು ನಂಬುವದು ಲೇಸು. ಗೋದಿಯೊಂದಿಗೆ ಬೆಳೆದ ಹಣಜಿಯನ್ನು ಸುಗ್ಗಿಯ ತನಕ ಕೀಳಗೊಡದ ಯಜಮಾನನ ಸಾಮ್ಯವನ್ನು ನೆನಸಿರಿ. ಮನೆಗೆ ಬಂದು, ದೊಡ್ಡ ಪರದೆಯಲ್ಲಿ ನಿಧಾನವಾಗಿ ನೋಡಿ ಆರಿಸಿರಿ.

ಪ್ರಿಯರೇ, ಕ್ಯಾಮೆರಾ ಹಿಡಿಯದವರಿಗೂ ಇದರಲ್ಲಿ ಬುದ್ಧಿಯುಂಟು. ಮಾಡಿದ ಕೆಲಸವನ್ನು ಪರೀಕ್ಷಿಸಿಕೊಳ್ಳುವದು ಒಳ್ಳೆಯದು. ಆದರೆ ಮಾಡಿದ್ದನ್ನೇ ನೋಡಿ ಹಿಗ್ಗುತ್ತಲೋ ಕುಗ್ಗುತ್ತಲೋ ನಿಂತಿರುವಾಗ, ಎದುರಿಗೆ ಬಂದ ನೆರೆಯವನು ಹಾದುಹೋಗುತ್ತಾನೆ. ಪರೀಕ್ಷಿಸುವದಕ್ಕೆ ಬೇರೆ ಹೊತ್ತು ಸಿಕ್ಕೀತು; ಅವನಿಗೆ ನೆರವಾಗುವದಕ್ಕೆ ಸಿಕ್ಕಲಾರದು. ತಲೆಯೆತ್ತಿ ನೋಡುವ ಕೃಪೆಯನ್ನು ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.