ಕಾಲುವೆಯ ಕೊನೆಯ ಸಾಕ್ಷಿ

ಸರ್ಕಾರಿ ಕಾಮಗಾರಿಯೊಂದು ಮುಗಿದಿದೆ, ಅದಕ್ಕೆ ಇಷ್ಟು ಹಣ ತಗುಲಿದೆ ಎಂಬ ಮಾತು ಯಾರ ನೋಟದಿಂದ ನಿಜವೆಂದು ದೃಢಪಡುತ್ತದೆ ಎಂಬುದು ಆಡಳಿತಕ್ಕೆ ಸಂಬಂಧಿಸಿದ ಪ್ರಶ್ನೆಯಂತೆ ಕಂಡರೂ, ಅದರ ಬೇರು ಪ್ರಾಮಾಣ್ಯದ ವಿಚಾರದಲ್ಲಿದೆ. ಒಂದು ಅರಿವು ಸರಿಯಾದದ್ದೆಂದು ಒಪ್ಪಲು ಇರುವ ಆಧಾರವನ್ನೇ ಭಾರತೀಯ ದರ್ಶನಗಳು ಪ್ರಾಮಾಣ್ಯವೆಂದು ಕರೆದಿವೆ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ತನ್ನ ಕಾಮಗಾರಿಗಳ ಪ್ರಗತಿಯನ್ನೂ ವೆಚ್ಚವನ್ನೂ ದಾಖಲಿಸುವ ತಂತ್ರಾಂಶಕ್ಕೆ ‘ಗಾಂಧಿ ಸಾಕ್ಷಿ ಕಾಯಕ’ ಎಂದು ಹೆಸರಿಟ್ಟಿರುವುದರಿಂದ ಈ ಪ್ರಶ್ನೆಯನ್ನು ದರ್ಶನದ ಅಂಗಳಕ್ಕೆ ತರುವುದು ಬಲವಂತದ ಕೆಲಸವೇನೂ ಆಗುವುದಿಲ್ಲ. ಸಾಕ್ಷಿ ವೇದಾಂತದ ಕೇಂದ್ರ ಪರಿಕಲ್ಪನೆಗಳಲ್ಲಿ ಒಂದು, ಕಾಯಕ ಶರಣರದ್ದು. ಈ ಎರಡು ಪರಂಪರೆಗಳೂ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ ಆಳವಾಗಿ ಬೇರುಬಿಟ್ಟಿವೆ. ಮಧ್ವಮತದ ಹರಿದಾಸರಾದ ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ತಾಲ್ಲೂಕಿನದು, ಅವರ ಶಿಷ್ಯ ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು, ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯವರೆಂದೇ ಪ್ರಸಿದ್ಧರು, ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ಶರಣ ದಂಪತಿಗಳ ಊರೆಂದು ಹೇಳಲಾಗುವ ಅಮರೇಶ್ವರ ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ.

ಒಂದು ಕಾಮಗಾರಿಯು ಕಾಗದದ ಮೇಲೆ ಸಾಗುವ ದಾರಿಯನ್ನು ಮೊದಲು ತಿಳಿಯಬೇಕು. ಅಂದಾಜು ಪಟ್ಟಿ ತಯಾರಾಗಿ, ಆಡಳಿತಾತ್ಮಕ ಅನುಮೋದನೆಯೂ ತಾಂತ್ರಿಕ ಮಂಜೂರಾತಿಯೂ ದೊರೆತು, ಟೆಂಡರ್ ಮುಗಿದು, ಗುತ್ತಿಗೆದಾರನಿಗೆ ಕಾರ್ಯಾದೇಶ ಹೋದ ಮೇಲೆ ಕಿರಿಯ ಎಂಜಿನಿಯರ್ ಸ್ಥಳಕ್ಕೆ ಹೋಗಿ ಉದ್ದ, ಅಗಲ, ಆಳಗಳನ್ನು ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾನೆ. ಎಲ್ಲರ ಬಾಯಲ್ಲಿ ಎಂ.ಬಿ. ಎಂದೇ ಕರೆಸಿಕೊಳ್ಳುವ ಈ ಪುಸ್ತಕವು ಬ್ರಿಟಿಷರ ಕಾಲದ ಲೋಕೋಪಯೋಗಿ ಪದ್ಧತಿಯಿಂದ ಬಂದದ್ದು, ಅದರಲ್ಲಿ ಬರೆದ ಅಂಕಿಯನ್ನು ಅಳಿಸುವಂತಿಲ್ಲ, ತಪ್ಪಿದ್ದರೆ ಗೆರೆ ಎಳೆದು ಸಹಿ ಹಾಕಿ ತಿದ್ದಬೇಕು. ಆ ಅಳತೆಯನ್ನು ಮೇಲಿನ ಎಂಜಿನಿಯರ್ ಮತ್ತೆ ಅಳೆದು ತಪಾಸಣೆ ಮಾಡುತ್ತಾನೆ, ಮೂರನೆಯ ಪಕ್ಷದ ಸಂಸ್ಥೆ ಗುಣಮಟ್ಟವನ್ನು ನೋಡುತ್ತದೆ, ಬಿಲ್ಲು ಪಾವತಿಯಾದ ಮೇಲೆ ಲೆಕ್ಕಪರಿಶೋಧಕ ಬರುತ್ತಾನೆ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆ.ಡಿ.ಪಿ.) ಸಭೆಗಳಲ್ಲಿ ಇದೆಲ್ಲವೂ ಎರಡು ಅಂಕಣಗಳಾಗಿ ಕಾಣಿಸಿಕೊಳ್ಳುತ್ತದೆ: ಭೌತಿಕ ಪ್ರಗತಿ, ಎಂದರೆ ನೆಲದ ಮೇಲೆ ಆದ ಕೆಲಸ, ಆರ್ಥಿಕ ಪ್ರಗತಿ, ಎಂದರೆ ಖರ್ಚಾದ ಹಣ. ಮಾರ್ಚ್ ಅಂತ್ಯ ಹತ್ತಿರವಾದಂತೆ ಎರಡನೆಯ ಅಂಕಣವೇ ಮೊದಲನೆಯದರ ಅರ್ಥವನ್ನು ನುಂಗಿಬಿಡುವುದನ್ನೂ, ಖರ್ಚಾಗುವುದನ್ನೇ ಪ್ರಗತಿ ಎನ್ನುವ ವಾಡಿಕೆ ಬೆಳೆದಿರುವುದನ್ನೂ ಗಂಭೀರವಾಗಿ ಗಮನಿಸಬೇಕಾಗಿದೆ.

ಈ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ನೋಡುವವನ ಹಿಂದೆ ಇನ್ನೊಬ್ಬ ನೋಡುವವನಿದ್ದಾನೆ, ಅವನನ್ನು ನೋಡಲು ಮತ್ತೊಬ್ಬನಿದ್ದಾನೆ. ಉದ್ಯೋಗ ಖಾತರಿ ಯೋಜನೆಯ ಇತಿಹಾಸ ಇದಕ್ಕೆ ಸ್ಪಷ್ಟ ನಿದರ್ಶನ. 2006ರ ಫೆಬ್ರವರಿಯಲ್ಲಿ ಆ ಯೋಜನೆ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಹಾಜರಿ ಪುಸ್ತಕವಾದ ಮಸ್ಟರ್ ರೋಲನ್ನು ನಂಬಲಾಗದೆ 2023ರ ಜನವರಿಯಿಂದ ಕೂಲಿಕಾರರ ಚಿತ್ರವನ್ನು ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ತೆಗೆದು ಕಳುಹಿಸುವುದನ್ನು ಕಡ್ಡಾಯ ಮಾಡಲಾಯಿತು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳು, ಚಿತ್ರದಿಂದಲೇ ತೆಗೆದ ಚಿತ್ರಗಳು ಬರುತ್ತಿವೆ ಎಂದು ತಿಳಿಸಿ, ಆ ಚಿತ್ರಗಳನ್ನು ಪಂಚಾಯಿತಿಯಿಂದ ರಾಜ್ಯದವರೆಗೆ ಹಲವು ಹಂತಗಳಲ್ಲಿ ಪರಿಶೀಲಿಸಲು ಸೂಚಿಸಿತು. ಒಂದು ಪ್ರಮಾಣವನ್ನು ಸಮರ್ಥಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೊನೆಯಿಲ್ಲದೆ ಬೆಳೆಯುವ ಈ ಸರಪಳಿಯನ್ನು ತರ್ಕಶಾಸ್ತ್ರವು ಅನವಸ್ಥೆ ಎಂಬ ದೋಷವಾಗಿ ಗುರುತಿಸಿದೆ. ಎಲ್ಲಿಯೂ ನಿಲ್ಲದ ಸರಪಳಿ ಯಾವುದನ್ನೂ ಸಾಧಿಸುವುದಿಲ್ಲವಾದ್ದರಿಂದ, ಅದು ನಿಲ್ಲಬೇಕಾದ ನೆಲೆ ಯಾವುದೆಂದು ಕೇಳಬೇಕಾಗುತ್ತದೆ.

ವೇದಾಂತದ ಎರಡು ಶಾಖೆಗಳು ಇಲ್ಲಿ ಬೇರೆ ಬೇರೆ ಉತ್ತರಗಳ ಕಡೆಗೆ ಕೈ ತೋರುತ್ತವೆ. ಅದ್ವೈತದಲ್ಲಿ ಸಾಕ್ಷಿಯೆಂದರೆ ಮನಸ್ಸಿನ ವ್ಯಾಪಾರಗಳನ್ನೆಲ್ಲ ಬೆಳಗುತ್ತಲೇ ಅವುಗಳಲ್ಲಿ ಯಾವುದಕ್ಕೂ ಕರ್ತೃವೂ ಭೋಕ್ತೃವೂ ಆಗದೆ ಉಳಿಯುವ ಶುದ್ಧ ಚೈತನ್ಯ. ಮಧ್ವಾಚಾರ್ಯರ ದ್ವೈತ ದರ್ಶನದಲ್ಲಿ ಸಾಕ್ಷಿಯು ಜೀವನ ಸ್ವರೂಪೇಂದ್ರಿಯ, ಎಂದರೆ ಕಣ್ಣು ಕಿವಿಗಳಂತೆ ದೇಹದೊಡನೆ ಬಂದು ಹೋಗದೆ ಆತ್ಮದ ಸ್ವರೂಪವೇ ಆಗಿರುವ ಅರಿಯುವ ಶಕ್ತಿ. ಸುಖದುಃಖಗಳನ್ನು ನೇರವಾಗಿ ಅರಿಯುವುದು ಅದೇ, ಮಿಕ್ಕ ಅರಿವುಗಳು ಸರಿಯೋ ತಪ್ಪೋ ಎಂಬ ಕೊನೆಯ ನಿರ್ಣಯವನ್ನು ಕೊಡುವುದೂ ಅದೇ. ಕಣ್ಣು ಮೋಸಹೋಗಬಹುದು, ಮನಸ್ಸು ಮೋಸಹೋಗಬಹುದು, ಆದರೆ ಪರೀಕ್ಷೆಯ ನಂತರ ಸಾಕ್ಷಿ ಕೊಟ್ಟ ನಿರ್ಣಯ ಬಾಧಿತವಾಗುವುದಿಲ್ಲ ಎಂಬುದು ಆ ದರ್ಶನದ ನಿಲುವು. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬ ಸಂಶಯವನ್ನು ಇನ್ನಷ್ಟು ನೋಡುವುದರಿಂದ ಪೂರ್ತಿ ಕಳೆಯಲಾಗದು. ಹತ್ತಿರ ಹೋಗಿ ಕುಡಿದು ಬಾಯಾರಿಕೆ ತಣಿದಾಗ, ಆ ತಣಿವನ್ನು ಯಾರೂ ಸಂಶಯಿಸುವುದಿಲ್ಲ, ಆದ್ದರಿಂದ ಅನವಸ್ಥೆ ಅಲ್ಲಿ ನಿಲ್ಲುತ್ತದೆ.

ಕಾಮಗಾರಿಯ ನಿಗಾ ವ್ಯವಸ್ಥೆಯನ್ನು ರೂಪಿಸುವವರು ತಮಗರಿಯದಂತೆಯೇ ಮೊದಲನೆಯ ಮಾದರಿಯ ಸಾಕ್ಷಿಯನ್ನು ಬಯಸುತ್ತಾರೆ. ಕೆಲಸದೊಡನೆ ಯಾವ ಲಾಭನಷ್ಟವೂ ಇಲ್ಲದ ಎಂಜಿನಿಯರ್, ಕ್ಯಾಮೆರಾ, ಉಪಗ್ರಹ, ಹೊರಗಿನ ಸಂಸ್ಥೆ ಇವೇ ನಂಬಿಕೆಗೆ ಅರ್ಹ ಎಂದು ಭಾವಿಸುತ್ತಾರೆ. ನಿರ್ಲಿಪ್ತತೆಗೆ ತನ್ನದೇ ಬೆಲೆಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕ್ಯಾಮೆರಾ ಕಾಲುವೆಯ ಕಾಂಕ್ರೀಟನ್ನು ನೋಡಬಲ್ಲದೇ ಹೊರತು ಹೊಲ ತಣಿದದ್ದನ್ನು ಅನುಭವಿಸಲಾರದು. ದ್ವೈತದ ಸಾಕ್ಷಿ ಭೋಕ್ತೃವೂ ಆಗಿರುವುದರಿಂದ, ಕಾಮಗಾರಿಯ ಫಲವನ್ನು ಉಣ್ಣಬೇಕಾದವನೇ ಅದು ಆಗಿದೆಯೋ ಇಲ್ಲವೋ ಎಂಬುದಕ್ಕೆ ಕಡೆಯ ಪ್ರಮಾಣವೆಂಬ ವಾದಕ್ಕೆ ಅಲ್ಲಿ ಬಲ ದೊರೆಯುತ್ತದೆ.

ರಾಯಚೂರು ಜಿಲ್ಲೆಯ ನೀರಿನ ಕಥೆ ಈ ವಾದಕ್ಕೆ ಬೇಕಾದ ಕಠಿಣ ಪರೀಕ್ಷೆಯನ್ನು ಒದಗಿಸುತ್ತದೆ. 1945ರಲ್ಲಿ ಅಡಿಗಲ್ಲು ಕಂಡು 1953ರ ಹೊತ್ತಿಗೆ ನೀರು ಕೊಡಲಾರಂಭಿಸಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರುಗಳ ಕಡೆಗೆ ಬರುತ್ತದೆ. ಜೋಳ, ಹತ್ತಿಯಂಥ ಬೆಳೆಗಳಿಗೆ ಅರೆನೀರಾವರಿ ಒದಗಿಸಿ ಬರವನ್ನು ತಡೆಯುವುದೇ ಹೆಚ್ಚಿನ ಅಚ್ಚುಕಟ್ಟಿನ ಮೂಲ ಉದ್ದೇಶವಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿ, ಅಕ್ರಮ ನೀರಾವರಿ ಬೆಳೆದ ಮೇಲೆ ಕೆಳಭಾಗದ ರೈತರಿಗೆ ನೀರು ತಲುಪುವುದು ಪ್ರತಿ ಹಂಗಾಮಿನ ಹೋರಾಟವಾಯಿತು. ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ತೋರುವ ಗೇಜು ಎಷ್ಟು ಅಡಿ ನಿಂತಿದೆ ಎಂಬುದೇ ಈ ರೈತರ ಸಭೆಗಳಲ್ಲಿ, ರಸ್ತೆ ತಡೆಗಳಲ್ಲಿ ಮೊದಲ ಮಾತು. ಕಾಲುವೆ ಆಧುನೀಕರಣದ ಕಾಮಗಾರಿ ದಾಖಲೆಯಲ್ಲಿ ಪೂರ್ಣವಾಗಿದ್ದರೂ ಮಾನ್ವಿಯ ಕೊನೆಯ ಉಪಕಾಲುವೆಯ ತೂಬಿನಲ್ಲಿ ನೀರಿಲ್ಲದಿದ್ದರೆ, ಅದನ್ನು ಪೂರ್ಣವೆನ್ನುವ ಅರಿವು ದ್ವೈತದ ಪರಿಭಾಷೆಯಲ್ಲಿ ಇನ್ನೂ ಪರೀಕ್ಷೆಗೆ ಒಳಗಾಗದ ಅರಿವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿದ್ದ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೂ ಪ್ರಶ್ನೆ ಇದೇ ಬಗೆಯದು.

ರಾಯಚೂರು ನಗರದ ಅನುಭವ ಇನ್ನೂ ಕಠೋರ. ಎರಡು ನದಿಗಳ ನಡುವಿನ ಆ ನಗರದಲ್ಲಿ 2022ರ ಮೇ ಕೊನೆಯಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು, ಇನ್ನೂ ಎಷ್ಟೋ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ನೀರೆತ್ತುವ, ಶುದ್ಧೀಕರಿಸುವ, ಹಂಚುವ ಏರ್ಪಾಡುಗಳೆಲ್ಲ ಎಂದೋ ಮುಗಿದ ಕಾಮಗಾರಿಗಳಾಗಿ ಕಡತದಲ್ಲಿದ್ದವು. ಅವು ಕೆಟ್ಟಿವೆ ಎಂಬುದನ್ನು ಯಾವ ಅಂಕಣಕ್ಕಿಂತಲೂ ಮೊದಲು ಹೇಳಿದ್ದು ಬಡವರ ದೇಹಗಳು. ಸಾವನ್ನು ಸಾಕ್ಷಿಯಾಗಿ ಕರೆಯಬೇಕಾಗಿ ಬರುವ ವ್ಯವಸ್ಥೆಯನ್ನು ನಿಗಾ ಎನ್ನಲಾಗದು, ಅದಕ್ಕಿಂತ ಬಹಳ ಮುಂಚೆ ನೀರಿನ ಬಣ್ಣ, ವಾಸನೆಗಳ ಬಗ್ಗೆ ಜನ ಆಡಿದ ಮಾತನ್ನು ಪ್ರಮಾಣವೆಂದು ದಾಖಲಿಸುವ ಪುಸ್ತಕವೊಂದು ಇರಬೇಕಾಗಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಸಾಕ್ಷಿಯು ತನ್ನ ಸುಖದುಃಖವನ್ನು ಮಾತ್ರ ನೇರವಾಗಿ ಅರಿಯುತ್ತದೆ. ಒಬ್ಬನ ಬಾಯಾರಿಕೆ ಇನ್ನೊಬ್ಬನಿಗೆ ಪ್ರತ್ಯಕ್ಷವಲ್ಲ. ಮೇಲ್ಭಾಗದ ರೈತನ ತೃಪ್ತಿಯೂ ನಿಜವಾದ ಅನುಭವವೇ ಆಗಿರುವಾಗ ಕೊನೆಯ ರೈತನ ಅತೃಪ್ತಿಗೆ ಹೆಚ್ಚಿನ ತೂಕ ಏಕೆ? ಉತ್ತರ ಕಾಮಗಾರಿಯ ಸ್ವರೂಪದಲ್ಲೇ ಇದೆ: ಕೊನೆಯ ತೂಬಿಗೆ ನೀರು ಬಂದಿದ್ದರೆ ಮೇಲಿನ ತೂಬುಗಳನ್ನು ಅದು ದಾಟಿ ಬಂದಿದೆ ಎಂದು ಊಹಿಸಬಹುದು, ಮೇಲಿನ ತೂಬಿನ ನೀರಿನಿಂದ ಕೆಳಗಿನದನ್ನು ಊಹಿಸಲಾಗದು. ಒಬ್ಬನ ಅನುಭವ ಇತರರಿಗೆ ಶಬ್ದಪ್ರಮಾಣದ ಮೂಲಕ, ಎಂದರೆ ನಂಬಲರ್ಹನಾದವನ ಮಾತಿನ ಮೂಲಕ, ಮಾತ್ರ ತಲುಪುತ್ತದೆಯಾದ್ದರಿಂದ ಆ ಮಾತನ್ನು ಕೇಳಿಸಿಕೊಳ್ಳುವ ಸಭೆಯೊಂದು ಅಗತ್ಯವಾಗುತ್ತದೆ. ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಮು ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿದಾಗ ಅಂಥ ಸಭೆಗೆ ಕಾನೂನಿನ ಸ್ಥಾನ ದೊರೆತಿತ್ತು.

ಇದಕ್ಕಿಂತ ಕಷ್ಟದ ಪ್ರಶ್ನೆ ವೆಚ್ಚದ್ದು. ನೀರನ್ನು ಅನುಭವಿಸಬಹುದು, ಆದರೆ ಆ ನೀರಿಗೆ ಹತ್ತು ರೂಪಾಯಿಯ ಬದಲು ಹದಿನೈದು ರೂಪಾಯಿ ಖರ್ಚಾಯಿತು ಎಂಬುದು ಯಾರ ಅನುಭವಕ್ಕೂ ಬರುವುದಿಲ್ಲ. ಹಿಂದಿನ ಕಾಲದ ದಾನಿಗಳಿಗೆ ಇದು ಸಮಸ್ಯೆಯಾಗಿರಲಿಲ್ಲ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ 1369ರ ಶಾಸನವು, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಆ ಕೆರೆಯಲ್ಲಿ ಸಾವಿರ ಜನ ಕೆಲಸಗಾರರೂ ಕಲ್ಲು ತರಲು ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಲೆಕ್ಕ ಕೊಟ್ಟು, ಹಣಧಾನ್ಯಗಳ ವೆಚ್ಚಕ್ಕೆ ಮಾತ್ರ ಮಿತಿಯಿರಲಿಲ್ಲವೆಂದು ಹೆಮ್ಮೆಪಡುತ್ತದೆ. ತನ್ನ ಸಂಪತ್ತನ್ನು ಧರ್ಮಕ್ಕೆ ಕೊಡುವವನ ಬಾಯಲ್ಲಿ ಆ ಮಾತಿಗೆ ಶೋಭೆಯಿದೆ, ತೆರಿಗೆಯ ಹಣದ ಕಾಮಗಾರಿಯಲ್ಲಿ ಅದೇ ಮಾತು ಅಪರಾಧವಾಗುತ್ತದೆ.

ವೆಚ್ಚಕ್ಕೂ ಒಬ್ಬ ಸಾಕ್ಷಿ ಸಾಧ್ಯ ಎಂಬುದನ್ನು ತೋರಿಸಿದವಳು ಲಕ್ಕಮ್ಮ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಕದ್ದ ಅಕ್ಕಿಯೇನೂ ಅದಲ್ಲ, ದಾಸೋಹಕ್ಕೇ ಹೋಗುತ್ತಿದ್ದ ಅಕ್ಕಿ. ಆದರೂ ಅಗತ್ಯವನ್ನು ಮೀರಿದ್ದನ್ನು ಅವಳು ಆಸೆಯೆಂದು ಗುರುತಿಸಿದಳು. ಅವಳ ಅಳತೆಗೋಲು ಅಗತ್ಯ, ಮತ್ತು ಅಗತ್ಯ ಎಷ್ಟೆಂಬುದು ದಿನದಿನವೂ ಅಡುಗೆ ಮಾಡುವವಳಿಗೆ ಅನುಭವದಿಂದ ಗೊತ್ತು. ಅಂದಾಜು ಪಟ್ಟಿಯಲ್ಲಿ ಬೇಡದ ಸೇತುವೆ, ಯಾರೂ ನಡೆಯದ ರಸ್ತೆ, ಇರುವ ಚರಂಡಿಯ ಮೇಲೆ ಮತ್ತೊಂದು ಚರಂಡಿ ಸೇರಿದಾಗ ಅದನ್ನು ಮೊದಲು ಗುರುತಿಸಬಲ್ಲವರು ಆ ಊರಿನಲ್ಲಿ ಬಾಳುವವರೇ. ಆದ್ದರಿಂದ ವೆಚ್ಚದ ಪರಿಶೋಧನೆ ಬಿಲ್ಲಿನ ಹಂತದಲ್ಲಿ ಆರಂಭವಾದರೆ ತಡವಾಯಿತೆಂದೇ ಅರ್ಥ.

ಫಲದಾಸೆಯನ್ನು ಬಿಟ್ಟು ಕರ್ಮ ಮಾಡಬೇಕೆನ್ನುವ ಧರ್ಮಕ್ಕೂ ಫಲವನ್ನು ಲೆಕ್ಕವಿಡುವ ಆಡಳಿತಕ್ಕೂ ವಿರೋಧವಿಲ್ಲವೇ ಎಂಬ ಶಂಕೆಯೂ ಉಳಿಯುತ್ತದೆ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆಗಳು ಹೇಳುತ್ತವೆ. ಅಲ್ಲಮನ ಆಕ್ಷೇಪ ಕೆರೆಯ ಮೇಲಿನದಾಗಿರದೆ, ಕೆರೆಯನ್ನು ‘ನಾನು’ ಕಟ್ಟಿಸಿದೆನೆಂಬ ಭಾವದ ಮೇಲಿನದಾಗಿತ್ತು ಎಂದು ತಿಳಿಯುವುದು ಯುಕ್ತ. ಉದ್ಘಾಟನೆಯ ಫಲಕಗಳಲ್ಲಿ ಹೆಸರುಗಳು ದೊಡ್ಡದಾಗಿ, ಮೊತ್ತ ಚಿಕ್ಕದಾಗಿ ಬರೆಯಲ್ಪಡುವ ಕಾಲಕ್ಕೆ ಆ ಆಕ್ಷೇಪ ಹಳತಾಗಿಲ್ಲ. ಮಾಡಿದವನು ಫಲವನ್ನು ತನ್ನದೆನ್ನದಿದ್ದಾಗ ಲೆಕ್ಕ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ: ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮೇಲೆ ಹಣ ಪೋಲು ಮಾಡಿದ ದೂರು ಬಂದಾಗ ಅವನು ಭಕ್ತಿಯ ನೆಪ ಹೇಳದೆ ಭಂಡಾರವನ್ನು ಎಣಿಸಿ ತೋರಿಸಿದನೆಂದು ಅವನ ಚರಿತ್ರೆಯ ಕಾವ್ಯಗಳು ಹೇಳುತ್ತವೆ. ಬಿಂಬರೂಪಿಯಾದ ಹರಿಯೇ ಎಲ್ಲ ಮಾಡಿಸುವವನು ಎನ್ನುವ ಜಗನ್ನಾಥದಾಸರ ಪರಂಪರೆಯೂ ಜೀವನಿಗೆ ಅಧೀನವಾದ ಕರ್ತೃತ್ವವನ್ನು ಉಳಿಸಿಕೊಂಡೇ ಮಾತಾಡುತ್ತದೆ, ಹೊಣೆಯನ್ನು ಅಳಿಸುವುದಿಲ್ಲ.

ಕೆಲಸ ಮುಗಿಯುವುದು ಯಾವಾಗ ಎಂಬುದಕ್ಕೆ ಧರ್ಮಶಾಸ್ತ್ರಗಳಲ್ಲಿ ಉತ್ಸರ್ಗವೆಂಬ ವಿಧಿಯಿದೆ: ಕೆರೆ ತೋಡಿಸಿದವನು ಅದರ ಮೇಲಿನ ಸ್ವಾಮ್ಯವನ್ನು ಎಲ್ಲ ಜೀವಿಗಳಿಗಾಗಿ ಬಿಟ್ಟುಕೊಡುವ ಕರ್ಮ, ಅದರಲ್ಲಿ ಹಸುವೊಂದನ್ನು ನೀರಿಗಿಳಿಸಿ ದಾಟಿಸಲಾಗುತ್ತದೆ. ನೀರಿಲ್ಲದ ಕೆರೆಗೆ ಉತ್ಸರ್ಗವಿಲ್ಲ. ಹಾಳಾದ ಬಾವಿ, ಕೆರೆಗಳನ್ನು ಸರಿಪಡಿಸಿದವನಿಗೆ ಮೊದಲು ಕಟ್ಟಿಸಿದವನ ಫಲವೇ ದೊರೆಯುತ್ತದೆಂದು ವಿಷ್ಣುಸ್ಮೃತಿ ಹೇಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಏಳು ದಶಕಗಳ ಹಿಂದೆ ಮುಗಿದ ಕಾಮಗಾರಿಯೂ ಮುಗಿದಿರುವುದಿಲ್ಲ ಎಂಬುದು ಮಾನ್ವಿಯ ಹೊಲಗಳವರೆಗೂ ತಿಳಿಯಿತು.

ಇಂದಿನ ಗುತ್ತಿಗೆ ಕರಾರುಗಳಲ್ಲಿ ಉತ್ಸರ್ಗದ ಈ ವಿವೇಕಕ್ಕೆ ಹತ್ತಿರವಾದ ಏರ್ಪಾಡೊಂದು ಈಗಾಗಲೇ ಇದೆ. ಕೆಲಸ ಮುಗಿದ ಮೇಲೂ ದೋಷಗಳಿಗೆ ಗುತ್ತಿಗೆದಾರನೇ ಹೊಣೆಯಾಗಿರುವ ಅವಧಿಯೊಂದನ್ನು ಗೊತ್ತುಪಡಿಸಿ, ಅದು ಕಳೆಯುವವರೆಗೆ ಅವನ ಭದ್ರತಾ ಠೇವಣಿಯನ್ನು ತಡೆಹಿಡಿಯಲಾಗುತ್ತದೆ. ಆ ಠೇವಣಿ ಬಿಡುಗಡೆಯಾಗುವ ಮುನ್ನ ಒಂದು ಪೂರ್ಣ ಹಂಗಾಮು ಕಳೆದಿರಬೇಕು, ಎರಡನೆಯ ಬೆಳೆಯ ಕಾಲದಲ್ಲಿ ಕೊನೆಯ ತೂಬಿನ ಬಳಿಯೇ ಆ ತೂಬಿನ ರೈತರ ಮಾತನ್ನು ಕೇಳಿ ಅಳತೆ ಪುಸ್ತಕದಲ್ಲಿ ಅಳಿಸಲಾಗದ ಶಾಯಿಯಲ್ಲಿ ಬರೆಯಬೇಕು, ನಗರದ ನೀರಿನ ಕಾಮಗಾರಿಯಾದರೆ ಕೊಳವೆಯ ತುದಿಯ ಬಡಾವಣೆಯ ಹೆಣ್ಣುಮಕ್ಕಳನ್ನು ಕೇಳಿ ಬರೆಯಬೇಕು ಎಂಬ ಒಂದು ನಿಯಮವನ್ನು ಸೇರಿಸಲು ಹೊಸ ಯಂತ್ರವೂ ಹೊಸ ಅನುದಾನವೂ ಬೇಕಾಗುವುದಿಲ್ಲ. ಅವರ ಮಾತಿಗೆ ಎಂಜಿನಿಯರನ ಅಂಕಿಗೆ ಇರುವಷ್ಟೇ ಪ್ರಾಮಾಣ್ಯವಿದೆಯೆಂದು ಆಡಳಿತ ಒಪ್ಪಬೇಕಾಗುತ್ತದೆ.