ಗೊತ್ತಿಲ್ಲ ಎನ್ನುವ ದೀಪ

ಹತ್ತು ಹದಿನೈದು ವರ್ಷ ಓಡಿದ ಸ್ಪೋರ್ಟ್ಸ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಸದಾ ಉರಿಯುತ್ತಿರುವುದು ಈಗ ಮಾಮೂಲು. ಕುದುರೆ ಲಾಳದ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಹೆಚ್ಚಿನ ಕಾರುಗಳಲ್ಲಿ ಅದು ಎರಡು ಬಗೆಯಲ್ಲಿ ಮಾತಾಡುತ್ತದೆ. ಹೊತ್ತಿಕೊಂಡು ಹಾಗೆಯೇ ನಿಂತರೆ ಯಾವುದೋ ಚಕ್ರದಲ್ಲಿ ಗಾಳಿ ಇಳಿದಿದೆ ಎಂದು ಲೆಕ್ಕ. ಗಾಡಿ ಚಾಲೂ ಮಾಡಿದೊಡನೆ ಒಂದು ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ಉರಿಯುತ್ತಲೇ ನಿಂತರೆ, ಗಾಳಿ ಎಷ್ಟಿದೆಯೆಂದು ಹೇಳುವ ಸ್ಥಿತಿಯಲ್ಲಿ ತಾನಿಲ್ಲ ಎಂದು ಅದು ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದೆ. ಬಹಳ ಮಂದಿಗೆ ಈ ಎರಡನೆಯ ಮಾತು ಬರೀ ಕಿರಿಕಿರಿ. ಅದರ ಮೇಲೆ ಕಪ್ಪು ಟೇಪು ಅಂಟಿಸುತ್ತಾರೆ, ಇಲ್ಲವೇ ಲ್ಯಾಪ್‌ಟಾಪ್ ಜೋಡಿಸಿ ಆ ವ್ಯವಸ್ಥೆಯನ್ನೇ ಅಳಿಸಿಹಾಕಿಸುತ್ತಾರೆ. ಇದು ಗ್ಯಾರೇಜಿನ ಲೆಕ್ಕದಲ್ಲಿ ತಪ್ಪು ಎಂದು ಮೆಕ್ಯಾನಿಕ್ಕುಗಳೇ ಹೇಳುತ್ತಾರೆ. ಜ್ಞಾನದ ಮತ್ತು ಧರ್ಮದ ಲೆಕ್ಕದಲ್ಲೂ ತಪ್ಪು ಎಂಬುದು ನನ್ನ ವಾದ. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಸಾಕ್ಷಿದಾರನ ಬಾಯಿ ಮುಚ್ಚಿಸುವ ಹಕ್ಕು ನಮಗಿಲ್ಲ. ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಪರೀಕ್ಷಿಸಿ ನೋಡುವ ಹೊಣೆ ನಮ್ಮ ಹೆಗಲಿಗೆ ಬರುತ್ತದೆ.

ಪ್ರತಿ ಚಕ್ರದೊಳಗೆ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಅದರಲ್ಲಿ ಒತ್ತಡ ಅಳೆಯುವ ಚಿಪ್, ರೇಡಿಯೊ ಸಂಕೇತ ಕಳಿಸುವ ಸಾಧನ, ಒಂದು ಲಿಥಿಯಂ ಬ್ಯಾಟರಿ. ಶಾಖ, ತೇವ, ಚಕ್ರದ ಗಿರಕಿ ಎಲ್ಲವನ್ನೂ ತಾಳಿಕೊಳ್ಳಲಿ ಎಂದು ಅಷ್ಟನ್ನೂ ರಾಳ ಸುರಿದು ಮುಚ್ಚಿರುತ್ತಾರೆ. ಹಾಗಾಗಿ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ. ಸೆನ್ಸರನ್ನೇ ಬದಲಿಸಿ, ಹೊಸದರ ಗುರುತನ್ನು ಕಾರಿನ ಕಂಪ್ಯೂಟರಿಗೆ ಕಲಿಸಬೇಕು. ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ನಾಲ್ಕೂ ಸೆನ್ಸರುಗಳು ಕಾರ್ಖಾನೆಯಲ್ಲಿ ಒಟ್ಟಿಗೆ ಕೂತವು, ಹೆಚ್ಚುಕಡಿಮೆ ಒಟ್ಟಿಗೇ ಸಾಯುತ್ತವೆ. ನಾಲ್ವರು ಸಾಕ್ಷಿದಾರರಿದ್ದಾರೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಒಂದೇ ಕಾರಣಕ್ಕೆ ಮಾತು ನಿಲ್ಲುವ ನಾಲ್ವರನ್ನು ಒಬ್ಬರೆಂದೇ ಎಣಿಸಬೇಕು. ಟೈರಿನ ಒತ್ತಡದ ಮೇಲೆ ಕಣ್ಣಿಡುವ ಏರ್ಪಾಡು ಮೊದಲು ಬಂದದ್ದೂ ಸ್ಪೋರ್ಟ್ಸ್ ಕಾರಿನಲ್ಲೇ, 1986ರಲ್ಲಿ, ಪೋರ್ಶೆ 959ರಲ್ಲಿ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಬಂದು ಜನ ಸತ್ತ ಮೇಲೆ 2000ದಲ್ಲಿ ಕಾನೂನಾಯಿತು, 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಮೋಟಾರು ವಾಹನ ನಿಯಮಗಳಿಗೆ 2020ರ ಜುಲೈ ತಿಂಗಳಲ್ಲಿ ಬಂದ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು ಮತ್ತು ಈ ಸೆನ್ಸರ್ ವ್ಯವಸ್ಥೆ ಇದ್ದರೆ ಕಾರಿಗೆ ಸ್ಟೆಪ್ನಿಯೇ ಬೇಕಿಲ್ಲ. ಡಿಕ್ಕಿಯಲ್ಲಿದ್ದ ಐದನೆಯ ಚಕ್ರವನ್ನು ತೆಗೆದು ಆ ಜಾಗದಲ್ಲಿ ಒಂದು ಅರಿವನ್ನು ಇಟ್ಟೆವು. ಅರಿವು ಸತ್ತರೆ ಉಳಿಯುವುದು ಖಾಲಿ ಜಾಗ.

ಬೆಂಗಳೂರಿನ ಉತ್ತರಹಳ್ಳಿಯಿಂದ ಚಿಕ್ಕಲ್ಲಸಂದ್ರ ದಾಟಿ ಕತ್ರಿಗುಪ್ಪೆಯ ಕಡೆ ಹೋದರೆ, ಅರಿವನ್ನು ಯಾವಾಗ ನಂಬಬೇಕು ಎಂಬ ಪ್ರಶ್ನೆಯನ್ನೇ ಪಾಠವಾಗಿ ಓದುವ ಜಾಗ ಸಿಗುತ್ತದೆ. ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಕಟ್ಟಿದ ಪೂರ್ಣಪ್ರಜ್ಞ ವಿದ್ಯಾಪೀಠ ಅದು; ಅವರ ಬೃಂದಾವನ ಇರುವುದೂ ಅಲ್ಲೇ. ಅಲ್ಲಿಯ ವಿದ್ಯಾರ್ಥಿಗಳು ಜಯತೀರ್ಥರ ನ್ಯಾಯಸುಧೆಯವರೆಗೆ ಓದುತ್ತಾರೆ. ಆ ದ್ವೈತ ಪರಂಪರೆಯ ಮೂಲಪುರುಷ ಮಧ್ವಾಚಾರ್ಯರು ತಿಳಿವಿನ ಸಾಧನಗಳನ್ನು, ಅಂದರೆ ಪ್ರಮಾಣಗಳನ್ನು, ಮೂರೆಂದು ಎಣಿಸಿದರು: ಪ್ರತ್ಯಕ್ಷ, ಅನುಮಾನ, ಆಗಮ. ಮೂರಕ್ಕೂ ಹಾಕಿದ ಷರತ್ತು ಒಂದೇ, ದೋಷವಿಲ್ಲದಿರಬೇಕು. ದೋಷವಿಲ್ಲದ ಇಂದ್ರಿಯ ವಸ್ತುವನ್ನು ಮುಟ್ಟಿದಾಗ ಮಾತ್ರ ಅದು ಪ್ರತ್ಯಕ್ಷ. ದೋಷವಿಲ್ಲದ ಯುಕ್ತಿಯೇ ಅನುಮಾನ. ದೋಷವಿಲ್ಲದ ಮಾತೇ ಆಗಮ. ಸೆನ್ಸರನ್ನು ನಮ್ಮ ಇಂದ್ರಿಯದ ಮುಂದುವರಿಕೆ ಎಂದು ಒಪ್ಪಿದರೆ ಷರತ್ತು ಅದಕ್ಕೂ ಸಲ್ಲುತ್ತದೆ. ಬ್ಯಾಟರಿ ಮುಗಿದ ಸೆನ್ಸರಿನಿಂದ ನಮಗೆ ದಕ್ಕುವುದು ಪ್ರಮಾಣವಲ್ಲ.

ದೀಪ ಆರಿದ್ದಾಗಲೂ ಪ್ರಶ್ನೆ ಮುಗಿಯುವುದಿಲ್ಲ. ಮೇಜಿನ ಮೇಲೆ ಪುಸ್ತಕ ಕಾಣದಿದ್ದರೆ ಪುಸ್ತಕ ಇಲ್ಲ ಎನ್ನುತ್ತೇವೆ. ಕಾಣದಿರುವುದೇ ಇಲ್ಲದಿರುವುದರ ಅರಿವನ್ನು ಕೊಡುತ್ತದೆಯೇ ಎಂಬುದರ ಮೇಲೆ ಮೀಮಾಂಸಕರು, ಅದ್ವೈತಿಗಳು, ನೈಯಾಯಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ಮೀಮಾಂಸಕ ಕುಮಾರಿಲಭಟ್ಟನ ಪಂಥ ಈ ಕಾಣದಿರುವಿಕೆಯನ್ನು, ಅಂದರೆ ಅನುಪಲಬ್ಧಿಯನ್ನು, ಬೇರೆಯೇ ಪ್ರಮಾಣವೆಂದಿತು. ದ್ವೈತಿಗಳು ಅದನ್ನು ತಮ್ಮ ಮೂರರೊಳಗೇ ಅಡಗಿಸಿದರು. ಆದರೆ ಒಂದು ಷರತ್ತನ್ನು ಯಾರೂ ಬಿಟ್ಟುಕೊಡಲಿಲ್ಲ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿರಬೇಕು. ಕತ್ತಲ ಕೋಣೆಯಲ್ಲಿ ಪುಸ್ತಕ ಕಾಣಲಿಲ್ಲ ಎನ್ನುವುದು ಏನನ್ನೂ ಸಾಧಿಸದು. ಟೇಪು ಅಂಟಿಸಿದವನು ಆ ಕತ್ತಲನ್ನು ತನ್ನ ಕೈಯಾರೆ ಮಾಡಿಕೊಂಡಿದ್ದಾನೆ. ಎಲ್ಲ ಸರಿಯಿರುವ ದೀಪದ ಮೌನಕ್ಕೂ ಮಿತಿಯುಂಟು. ಅಮೆರಿಕದ ನಿಯಮದಂತೆ ಗಾಳಿ ನಿಗದಿಗಿಂತ 25 ಪ್ರತಿಶತ ಇಳಿದ ಮೇಲೆ ದೀಪ ಹೊತ್ತಲೇಬೇಕು; ಅಷ್ಟು ಇಳಿಯುವ ತನಕ ಸುಮ್ಮನಿರಲು ಅದಕ್ಕೆ ಅನುಮತಿಯಿದೆ. 33 ಪಿಎಸ್‌ಐ ಇರಬೇಕಾದ ಟೈರು 27ಕ್ಕೆ ಬಂದರೂ ದೀಪ ಮಾತಾಡದಿರಬಹುದು. ಹಾಗಿರುವಾಗ ಸತ್ತ ಸೆನ್ಸರಿನ ಮೌನವನ್ನು ಕ್ಷೇಮ ಸಮಾಚಾರವೆಂದು ಓದುವುದು ಎಂಥ ದುಡುಕು!

ಇದಕ್ಕೆ ಗಟ್ಟಿ ಆಕ್ಷೇಪವೊಂದು ಅದೇ ವಿದ್ಯಾಪೀಠದೊಳಗಿಂದಲೇ ಬರಬಹುದು. ಜ್ಞಾನದ ಪ್ರಾಮಾಣ್ಯ ಸ್ವತಃ ಸಿದ್ಧ, ದೋಷ ತಿಳಿಯುವುದು ಮಾತ್ರ ಹೊರಗಿನ ಕಾರಣದಿಂದ ಎಂದು ಮಧ್ವರ ಮತವೇ ಹೇಳುತ್ತದಲ್ಲ. ಮತ್ತೆ ಎಲ್ಲವನ್ನೂ ಶಂಕಿಸುವುದೇಕೆ? ಸೆನ್ಸರಿಗೆ ಗೇಜಿನ ಪರೀಕ್ಷೆ, ಗೇಜಿಗೆ ಇನ್ನೊಂದು ಗೇಜಿನ ಪರೀಕ್ಷೆ ಎಂದು ಹೊರಟರೆ ಕೊನೆಯೆಲ್ಲಿ? ಆಕ್ಷೇಪ ನ್ಯಾಯವಾದದ್ದು, ಉತ್ತರವೂ ಅದೇ ಮತದಲ್ಲಿದೆ. ಕಾರಣವಿಲ್ಲದ ಶಂಕೆಯನ್ನು ಆ ಪರಂಪರೆ ಒಪ್ಪುವುದಿಲ್ಲ. ಕಾರಣ ಸಿಕ್ಕಾಗ ಮಾತ್ರ ಪರೀಕ್ಷೆ, ಮತ್ತು ಆತ್ಮದ ಸ್ವರೂಪವೇ ಆದ ಸಾಕ್ಷಿಗೆ ಶಂಕೆ ಕಳೆದೊಡನೆ ಪರೀಕ್ಷೆ ನಿಲ್ಲುತ್ತದೆ; ಕೊನೆಯಿಲ್ಲದ ಅನವಸ್ಥೆಗೆ ಎಡೆಯಿಲ್ಲ. ಮಿಣುಕುವ ದೀಪ ಆ ಕಾರಣ. ಅದು ಹೊತ್ತದ ದಿನ ಸೆನ್ಸರನ್ನು ನಂಬುವುದು ಸರಿಯೇ. ಹೊತ್ತಿದ ಮೇಲೂ ಹಳೆಯ ನಂಬಿಕೆಯಲ್ಲೇ ಮುಂದುವರಿದರೆ ಸ್ವತಃಪ್ರಾಮಾಣ್ಯದ ಹೆಸರಿನಲ್ಲಿ ಆಲಸ್ಯಕ್ಕೆ ಮಡಿ ಉಡಿಸಿದಂತೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಯಾವ ಸೆನ್ಸರ್ ಇತ್ತು ಎಂದು ಕೇಳುವವರೂ ಇದ್ದಾರೆ. ಇರಲಿಲ್ಲ ನಿಜ. ಆಗ ಚಾಲಕನಿಗೆ ತನಗೇನೂ ಗೊತ್ತಿಲ್ಲ ಎಂಬುದಾದರೂ ಗೊತ್ತಿತ್ತು. ಬಂಕಿಗೆ ಹೋದಾಗಲೆಲ್ಲ ಗಾಳಿ ನೋಡಿಸುತ್ತಿದ್ದ, ಟೈರಿನ ಉಬ್ಬು ಕಣ್ಣಿಗೆ ಕಾಣುತ್ತಿತ್ತು. ಸ್ಪೋರ್ಟ್ಸ್ ಕಾರಿನ ಟೈರಿಗೆ ಪಕ್ಕೆಯೇ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ಕಾಲುಭಾಗ ಇಳಿದರೂ ನೋಟಕ್ಕೆ ನೆಟ್ಟಗೆ ನಿಂತಿರುತ್ತದೆ. ಇಲ್ಲಿ ಕಣ್ಣೂ ದೋಷವಿಲ್ಲದ ಇಂದ್ರಿಯವಲ್ಲ, ಗೇಜು ಬೇಕೇ ಬೇಕು. ಗೇಜಿನ ಅಂಕಿಯನ್ನು ಓದುವುದಕ್ಕೂ ಯುಕ್ತಿ ಬೇಕು. ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ. ಉಷ್ಣತೆ 5-6 ಡಿಗ್ರಿ ಏರಿದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತುಂಬಿಸಿದ ಗಾಳಿ ಒಂದಿಷ್ಟೂ ಸೋರದೆ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೂ, ಉಷ್ಣತೆ ಬದಲಾಗದಿದ್ದರೆ, ಗೇಜಿನಲ್ಲಿ ಒಂದೂವರೆ ಪಿಎಸ್‌ಐಯಷ್ಟು ಕಡಿಮೆ ಕಾಣುತ್ತದೆ. ಗೇಜು ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು, ಕರಾವಳಿಯಲ್ಲಿ ಹೊರಗಿನ ಒತ್ತಡ ಹೆಚ್ಚು. ಪ್ರತ್ಯಕ್ಷ ಅನುಮಾನಗಳು ಕೈಹಿಡಿದು ನಡೆಯಬೇಕಾದ ಜಾಗ ಇದು. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ, ಬಾಗಿಲ ಅಂಚಿನ ಚೀಟಿಯಲ್ಲಿರುವ ಅಂಕಿಯೊಡನೆ ತಾಳೆ ಹಾಕಿದರೆ ಪರೀಕ್ಷೆ ಮುಗಿಯಿತು. ಐದು ನಿಮಿಷದ ಕೆಲಸ.

ಆಸ್ತಿಕರ ಕಡೆಯಿಂದ ಬರುವ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆಯುಧಪೂಜೆಯ ದಿನ ಉತ್ತರಹಳ್ಳಿಯ ಮುಖ್ಯರಸ್ತೆಯುದ್ದಕ್ಕೂ ಗಾಡಿಗಳಿಗೆ ಚೆಂಡುಹೂವಿನ ಹಾರ, ಬಾಳೆಕಂದು, ಚಕ್ರದಡಿ ನಿಂಬೆಹಣ್ಣು; ರಸ್ತೆಯಲ್ಲಿ ಒಡೆದ ಬೂದುಗುಂಬಳ. ದೇವರಿಗೆ ಒಪ್ಪಿಸಿದ ಮೇಲೆ ಭಯವೇಕೆ ಎನ್ನುತ್ತಾರೆ. ಆದರೆ ಪೂಜೆಗೆ ಮುಂಚೆ ನಡೆಯುವುದನ್ನು ನೋಡಿ. ಹಿಂದಿನ ದಿನವೇ ಗಾಡಿ ತೊಳೆಯುತ್ತಾರೆ, ಉಪಕರಣಗಳನ್ನು ಒರೆಸಿ ಎಣ್ಣೆ ಹಚ್ಚುತ್ತಾರೆ, ತುಕ್ಕು ಉಜ್ಜುತ್ತಾರೆ. ಪಂಕ್ಚರ್ ಅಂಗಡಿಯವರು ಕಂಪ್ರೆಸರಿಗೆ ಕುಂಕುಮ ಇಡುವುದೂ ಅದನ್ನು ಒರೆಸಿದ ಮೇಲೆಯೇ. ಆಯುಧದ ಸ್ಥಿತಿ ತಿಳಿದುಕೊಳ್ಳುವುದು ಆ ಪೂಜೆಯ ಅಂಗ. ಬಣ್ಣಕ್ಕೆ ಹೊಳಪು ಕೊಟ್ಟು, ತನಗೆ ಗೊತ್ತಿಲ್ಲ ಎಂದು ಕೂಗುತ್ತಿರುವ ದೀಪಕ್ಕೆ ಟೇಪು ಹಚ್ಚಿ ಆರತಿ ಎತ್ತಿದರೆ, ಒಪ್ಪಿಸಿದ್ದು ಗಾಡಿಯನ್ನೋ ನಮ್ಮ ಹೊಣೆಯನ್ನೋ ಎಂದು ಕೇಳಬೇಕಾಗುತ್ತದೆ.

ಕಾರು ನನ್ನದು, ಅಪಾಯವೂ ನನ್ನದೇ ಎನ್ನುವ ವಾದ ಹೆಚ್ಚು ದೂರ ಹೋಗಲಾರದು. ತುರಹಳ್ಳಿ ಕಾಡಿನ ಆಚೆಯ ನೈಸ್ ರಸ್ತೆಯಲ್ಲಿ ವೇಗವಾಗಿ ಓಡುವ ಕಾರಿನ ಟೈರು ಬಿಸಿಯಾಗಿ ಸಿಡಿದರೆ, ಅದು ಅಡ್ಡತಿರುಗುವ ದಾರಿಯಲ್ಲಿ ಬೇರೆಯವರ ಗಾಡಿಗಳೂ ಇರುತ್ತವೆ.

ಈ ತಪ್ಪು ಎಲ್ಲಕ್ಕಿಂತ ಹೆಚ್ಚು ಕಟುವಾಗುವುದು ಕಾರು ಕೈ ಬದಲಾಯಿಸುವಾಗ. ಕೊಳ್ಳುವವನಿಗೆ ಡ್ಯಾಶ್‌ಬೋರ್ಡ್ ಎಂದರೆ ಆಪ್ತವಾಕ್ಯ. ಕೀಲಿ ತಿರುಗಿಸಿ, ಯಾವ ದೀಪವೂ ಉಳಿಯದಿದ್ದರೆ ನಂಬಿ ಹಣ ಕೊಡುತ್ತಾನೆ. ಆ ವ್ಯವಸ್ಥೆಯನ್ನು ಕಂಪ್ಯೂಟರಿನಿಂದ ಅಳಿಸಿಹಾಕಿ ಮಾರಿದವನು ಮೂರನೆಯ ಪ್ರಮಾಣವನ್ನೂ ಕೆಡಿಸಿದ. ಟೇಪಿನ ಕೆಳಗೆ ದೀಪ ಇನ್ನೂ ನಿಜ ಹೇಳುತ್ತಿತ್ತು. ಅಳಿಸಿದ ಮೇಲೆ ಗಾಡಿಯೇ ಸುಳ್ಳು ಹೇಳುತ್ತದೆ, ಅದೂ ಏನೂ ಅರಿಯದ ಒಬ್ಬರಿಗೆ. ಹಳೆಯ ಕಾರಿಗೆ ಹೊಸ ಸೆನ್ಸರುಗಳ ಖರ್ಚು ಹೊರೆಯೆನಿಸಿದರೆ ಹಾಕಿಸದಿರಲಿ, ಅದರಲ್ಲಿ ಪಾಪವೇನಿಲ್ಲ. ದೀಪ ಉರಿಯುತ್ತಿರಲಿ, ಕೈಪೆಟ್ಟಿಗೆಯಲ್ಲಿ ಒಂದು ಗೇಜು ಇರಲಿ, ಮಾರಾಟದ ಕಾಗದದಲ್ಲಿ ನಾಲ್ಕೂ ಸೆನ್ಸರುಗಳು ಕೆಲಸ ಮಾಡುತ್ತಿಲ್ಲ ಎಂದು ಒಂದು ಸಾಲು ಬರೆದಿರಲಿ.