ಗೆದ್ದವರು ಸೋತವರಿಗೆ ಸಾಲಗಾರರೇ?



ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವವರು ನ್ಯೂಯಾರ್ಕನ್ನಾಗಲಿ ಲಂಡನ್ನನ್ನಾಗಲಿ ಕಂಡವರಲ್ಲ. ಆದರೆ ಅರೇಬಿಕಾ ಕಾಫಿಯ ಬೆಲೆ ನಿರ್ಧಾರವಾಗುವುದು ನ್ಯೂಯಾರ್ಕಿನ ಪೇಟೆಯಲ್ಲಿ. ರೋಬಸ್ಟಾದ ಬೆಲೆ ಲಂಡನ್ನಿನ ಪೇಟೆಯಲ್ಲಿ. ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಗಿಡ ಸುಟ್ಟರೆ ನಮ್ಮ ಬೆಳೆಗಾರನ ಮುಖ ಅರಳುತ್ತದೆ. ವಿಯೆಟ್ನಾಮಿನಲ್ಲಿ ಫಸಲು ಚೆನ್ನಾಗಿ ಬಂದರೆ ಬಾಡುತ್ತದೆ. ಒಬ್ಬರ ಅನ್ನವು ಮತ್ತೊಬ್ಬರ ಸಂಕಟದೊಡನೆ ಹೀಗೆ ಹೆಣೆದುಕೊಂಡಿರುವಾಗ ನಾವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ದೇಶದೇಶಗಳ ನಡುವಣ ವ್ಯಾಪಾರದಿಂದ ಒಟ್ಟಿನಲ್ಲಿ ಎಲ್ಲರಿಗೂ ಲಾಭ ಎನ್ನುತ್ತಾರಲ್ಲ, ಆ ಲಾಭದ ದಾರಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಲಾಭ ಪಡೆದವರು ಏನಾದರೂ ಕೊಡಬೇಕಾದುದುಂಟೇ? ಉಂಟಾದರೆ, ಅದು ದಾನವೋ ಸಾಲವೋ?

"ಇದೆಲ್ಲ ಅರ್ಥಶಾಸ್ತ್ರಜ್ಞರ ವಿಷಯ, ಗುರುಗಳಿಗೇಕೆ?" ಎಂದು ಕೆಲವರು ಕೇಳಬಹುದು. ಲೆಕ್ಕ ಅವರದು, ನಿಜ. ಆದರೆ ಆ ಲೆಕ್ಕದೊಳಗೆ ಯಾರನ್ನು ಸೇರಿಸಬೇಕು, ಯಾರನ್ನು ಹೊರಗಿಡಬಾರದು ಎಂಬುದು ನೀತಿಯ ವಿಷಯ.

ಮೊದಲು ಲೆಕ್ಕವನ್ನೇ ನೋಡೋಣ. 1817ರಲ್ಲಿ ಡೇವಿಡ್ ರಿಕಾರ್ಡೊ ಎಂಬ ಆಂಗ್ಲ ಚಿಂತಕ ಒಂದು ಉದಾಹರಣೆ ಕೊಟ್ಟ. ಇಂಗ್ಲೆಂಡಿನಲ್ಲಿ ಒಂದಿಷ್ಟು ಬಟ್ಟೆ ತಯಾರಿಸಲು 100 ಜನರ ಒಂದು ವರ್ಷದ ದುಡಿಮೆ ಬೇಕು, ಒಂದಿಷ್ಟು ದ್ರಾಕ್ಷಾರಸಕ್ಕೆ 120 ಜನರದು. ಪೋರ್ಚುಗಲ್ಲಿನಲ್ಲಿ ಅದೇ ಬಟ್ಟೆಗೆ 90 ಜನ, ದ್ರಾಕ್ಷಾರಸಕ್ಕೆ 80 ಜನ ಸಾಕು. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಪೋರ್ಚುಗಲ್ ದ್ರಾಕ್ಷಾರಸವನ್ನು ಮಾತ್ರ ಮಾಡಿ ಇಂಗ್ಲೆಂಡಿನ ಬಟ್ಟೆಯನ್ನು ಕೊಂಡರೆ ಇಬ್ಬರಿಗೂ ಲಾಭ. ಏಕೆಂದರೆ 80 ಜನರ ದುಡಿಮೆ ಕೊಟ್ಟು ಪೋರ್ಚುಗಲ್ 90 ಜನರ ದುಡಿಮೆಯ ವಸ್ತುವನ್ನು ಪಡೆಯುತ್ತದೆ. 100 ಜನರ ದುಡಿಮೆ ಕೊಟ್ಟು ಇಂಗ್ಲೆಂಡು 120 ಜನರದ್ದನ್ನು ಪಡೆಯುತ್ತದೆ. ಊರಿನ ಡಾಕ್ಟರು ತಮ್ಮ ಹಿತ್ತಲಿನ ಕಳೆಯನ್ನು ಆಳಿಗಿಂತ ಬೇಗ ಕೀಳಬಲ್ಲರು ಎಂದೇ ಇಟ್ಟುಕೊಳ್ಳಿ. ಆದರೂ ಅವರು ರೋಗಿಗಳನ್ನು ನೋಡಿ, ಕಳೆಯನ್ನು ಆಳಿಗೆ ಬಿಡುವುದೇ ಇಬ್ಬರಿಗೂ ಮೇಲು. ಬಡ ದೇಶಕ್ಕೂ ಲೋಕದ ಸಂತೆಯಲ್ಲಿ ಜಾಗವಿದೆ ಎಂದು ಹೇಳುವ ಈ ಸಿದ್ಧಾಂತದಲ್ಲಿ ದೊಡ್ಡ ಸತ್ಯವಿದೆ. ಧರ್ಮಪ್ರಜ್ಞೆಯ ಹೆಸರಿನಲ್ಲಿ ಅದನ್ನು ಹೀಗಳೆಯುವವರ ಪಂಕ್ತಿಯಲ್ಲಿ ನಾನಿಲ್ಲ.

ಆದರೆ ಈ ಲೆಕ್ಕ ಎರಡು ಕಂಬಗಳ ಮೇಲೆ ನಿಂತಿದೆ. ಬಂಡವಾಳ ತನ್ನ ದೇಶ ಬಿಟ್ಟು ಸುಲಭವಾಗಿ ಹೋಗುವುದಿಲ್ಲ ಎಂಬುದು ಒಂದು. ರಿಕಾರ್ಡೊ ಇದನ್ನು ಬಾಯಿಬಿಟ್ಟೇ ಹೇಳಿದ್ದ; ಹಣವಂತರಿಗೆ ತಾಯ್ನಾಡಿನ ಮೇಲಿರುವ ಈ ಒಲವು ಕುಂದಿದರೆ ತನಗೆ ವಿಷಾದವಾದೀತು ಎಂದೂ ಬರೆದಿದ್ದ. ಒಂದು ಕೆಲಸ ಹೋದವನು ಅದೇ ದೇಶದಲ್ಲಿ ಮತ್ತೊಂದು ಕೆಲಸಕ್ಕೆ ಸೇರಿಕೊಳ್ಳುತ್ತಾನೆ ಎಂಬುದು ಇನ್ನೊಂದು.

ಮೊದಲ ಕಂಬ ನಮ್ಮ ಕಾಲದಲ್ಲಿ ಉಳಿದಿಲ್ಲ. ಹಣ ಇಂದು ಕ್ಷಣಮಾತ್ರದಲ್ಲಿ ಗಡಿ ದಾಟುತ್ತದೆ. ಒಂದೇ ವಸ್ತುವಿನ ಬಿಡಿಭಾಗಗಳು ಐದಾರು ದೇಶಗಳಲ್ಲಿ ತಯಾರಾಗುತ್ತವೆ. ಒಂದೇ ಒಂದು ಕಾಫಿ ತೋಟವಿಲ್ಲದ ಜರ್ಮನಿ ಕಾಫಿ ರಫ್ತು ಮಾಡುವ ಪ್ರಮುಖ ದೇಶಗಳಲ್ಲಿ ಒಂದು! ಬೀಜವನ್ನು ಹೊರಗಿನಿಂದ ತರಿಸಿ, ಸಂಸ್ಕರಿಸಿ, ಹುರಿದು ಮಾರುತ್ತದೆ. ನೆಲ, ಹವೆಗಳ ಗುಣವೇ ಎಲ್ಲವನ್ನೂ ನಿರ್ಧರಿಸುವುದಿಲ್ಲ, ಮೊದಲೇ ದೊಡ್ಡದಾಗಿ ಬೆಳೆದು ನಿಂತ ಉದ್ಯಮಕ್ಕೆ ಅದೇ ಒಂದು ಅನುಕೂಲವಾಗುತ್ತದೆ ಎಂಬ ಹೊಸ ವಿವರಣೆಯನ್ನು 1979ರಲ್ಲಿ ಪಾಲ್ ಕ್ರುಗ್ಮನ್ ಕೊಟ್ಟರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎರಡನೆಯ ಕಂಬ ಅಲುಗಾಡಿದ್ದು ಇನ್ನೂ ಈಚೆಗೆ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ಅಮೆರಿಕದ ಕೈಗಾರಿಕಾ ಊರುಗಳಲ್ಲಿ ಆದದ್ದೇನು ಎಂದು ಡೇವಿಡ್ ಆಟರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಪಂಡಿತರನ್ನೇ ಬೆಚ್ಚಿಬೀಳಿಸಿತು. ಕಾರ್ಖಾನೆ ಮುಚ್ಚಿದ ಊರಿನವರು ಬೇರೆ ಊರಿಗೆ ಹೋಗಲಿಲ್ಲ, ಬೇರೆ ಕೆಲಸವೂ ಬೇಗ ಸಿಗಲಿಲ್ಲ. ವರ್ಷಗಳೇ ಉರುಳಿದರೂ ಆ ಊರುಗಳು ಚೇತರಿಸಿಕೊಳ್ಳಲಿಲ್ಲ. ಪುಸ್ತಕದಲ್ಲಿ ಮನುಷ್ಯ ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ಜಿಗಿಯುತ್ತಾನೆ. ಬದುಕಿನಲ್ಲಿ ಅವನಿಗೆ ಮನೆಯುಂಟು, ವಯಸ್ಸಾದ ತಾಯಿಯುಂಟು, ಶಾಲೆಗೆ ಹೋಗುವ ಮಕ್ಕಳುಂಟು.

ಈಗ ನಮ್ಮ ಕಾಫಿಗೆ ಬರೋಣ. ಕಾಫಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ 1962ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಮಾಡಿಕೊಂಡಿದ್ದವು. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಕೋಟಾ ಗೊತ್ತುಪಡಿಸಿ, 1980ರ ದಶಕದಲ್ಲಿ ಬೆಲೆಯನ್ನು ಪೌಂಡಿಗೆ 120ರಿಂದ 140 ಸೆಂಟುಗಳ ನಡುವೆ ಇಡಲು ಯತ್ನಿಸುತ್ತಿದ್ದವು. 1989ರ ಜುಲೈನಲ್ಲಿ ಆ ಕೋಟಾ ಪದ್ಧತಿ ಮುರಿದುಬಿತ್ತು. ನಮ್ಮಲ್ಲಿ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿಯೂ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡಿತು. ಇದನ್ನು ಬೇಡಿದವರು ಬೆಳೆಗಾರರೇ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿದಾಗ ಮುಕ್ತ ಮಾರಾಟದ ಸಿಹಿಯನ್ನು ಅವರು ಕಂಡರು. ಕಹಿ ಬಂದದ್ದು ಆಮೇಲೆ. 2001ರಲ್ಲಿ ಲೋಕದ ಸರಾಸರಿ ಬೆಲೆ ಪೌಂಡಿಗೆ ಸುಮಾರು 45 ಸೆಂಟಿಗೆ ಇಳಿಯಿತು. ಖರ್ಚೂ ಹುಟ್ಟದ ತೋಟಗಳಲ್ಲಿ ಗೊಬ್ಬರ ನಿಂತಿತು, ಕಳೆ ತೆಗೆಯುವುದು ನಿಂತಿತು. ಅಂದರೆ ಲೈನು ಮನೆಯಲ್ಲಿದ್ದವರ ಕೆಲಸದ ದಿನಗಳು ನಿಂತವು.

ಇಂಥ ನಷ್ಟಕ್ಕೆ ಸಿದ್ಧಾಂತ ಏನನ್ನುತ್ತದೆ? 1939ರಲ್ಲಿ ನಿಕೊಲಸ್ ಕಾಲ್ಡೋರ್, ಜಾನ್ ಹಿಕ್ಸ್ ಎಂಬಿಬ್ಬರು ಒಂದು ಅಳತೆಗೋಲು ಕೊಟ್ಟರು. ಗೆದ್ದವರು ಸೋತವರ ನಷ್ಟವನ್ನು ತುಂಬಿಕೊಟ್ಟ ಮೇಲೂ ಅವರ ಕೈಯಲ್ಲಿ ಲಾಭ ಉಳಿಯುವಂತಿದ್ದರೆ ಆ ನೀತಿ ಒಳ್ಳೆಯದೇ. ನಿಜವಾಗಿ ತುಂಬಿಕೊಡಬೇಕೇ ಬೇಡವೇ ಎಂಬುದು ಮಾತ್ರ ಅರ್ಥಶಾಸ್ತ್ರದ ಹೊರಗಿನ ಪ್ರಶ್ನೆಯಂತೆ! ಜಾಗತೀಕರಣದ ಪರವಾದ ವಾದಗಳಲ್ಲಿ ಬಹುಪಾಲು ಈ "ತುಂಬಿಕೊಡಬಹುದು" ಎಂಬ ಒಂದು ಪದದ ಮೇಲೆ ನಿಂತಿವೆ. ಕೊಡಬಹುದು ಎಂಬ ಮಾತಿನಿಂದ ಯಾರ ಮನೆಯ ಒಲೆಯೂ ಹೊತ್ತುವುದಿಲ್ಲ.

ಸಂತ ತೋಮಸ್ ಅಕ್ವಿನಾಸರು ನ್ಯಾಯವನ್ನು ಎರಡಾಗಿ ವಿಂಗಡಿಸುತ್ತಾರೆ. ಕೊಡುವವನಿಗೂ ಕೊಳ್ಳುವವನಿಗೂ ನಡುವಣ ವಿನಿಮಯದ ನ್ಯಾಯ ಒಂದು. ಸಮುದಾಯ ತನ್ನ ಸದಸ್ಯರಿಗೆ ಅವರವರ ಪಾಲನ್ನು ಸಲ್ಲಿಸುವ ಹಂಚಿಕೆಯ ನ್ಯಾಯ ಇನ್ನೊಂದು. ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವುದು ಸರಕಾರ, ಸಮುದಾಯದ ಹೆಸರಿನಲ್ಲಿ. ಆದುದರಿಂದ ಅದರ ಭಾರ ಯಾರ ಹೆಗಲ ಮೇಲೆ ಬಿತ್ತೆಂದು ನೋಡುವುದು ಸಮುದಾಯದ ಹೊಣೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದವು. ನಾಡಿಗೆಲ್ಲ ಬೆಳಕು ಬಂತು. ಮುಳುಗಿದವರು ಪರಿಹಾರ ಕೇಳಿದರೆ ಅದನ್ನು ಭಿಕ್ಷೆ ಎನ್ನಲು ಯಾರಿಗಾದರೂ ನಾಲಿಗೆ ಬರುವುದೇ? ಅದು ಅವರಿಗೆ ಸಲ್ಲಬೇಕಾದ ಸಾಲ. ಒಪ್ಪಂದವೊಂದರಿಂದ ಬದುಕು ಮುಳುಗಿದವರ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ.

"ಹಾಗಾದರೆ ಪಕ್ಕದಲ್ಲಿ ಹೊಸ ಅಂಗಡಿ ಬಂದು ಹಳೆಯ ಅಂಗಡಿಯವನ ವ್ಯಾಪಾರ ಕೆಟ್ಟರೆ ಅವನಿಗೂ ಪರಿಹಾರ ಕೊಡಬೇಕೇ?" ಎಂದು ನೀವು ಕೇಳಿದರೆ, ಅದು ತೂಕದ ಪ್ರಶ್ನೆಯೇ. ಪ್ರತಿಯೊಂದು ಸೋಲೂ ಅನ್ಯಾಯವಲ್ಲ. ಅಂಗಡಿಯವನು ಆ ಸ್ಪರ್ಧೆಗೆ ತಿಳಿದೇ ಇಳಿದವನು. ಲಾಭ ಬಂದ ವರ್ಷ ಅದು ಅವನದೇ ಆಗಿತ್ತು. ತೋಟದ ಕೂಲಿಗಾರ ಬೆಲೆ ಏರಿದಾಗ ಪಾಲು ಪಡೆದವನಲ್ಲ, ಕೋಟಾ ಬೇಕೋ ಬೇಡವೋ ಎಂದು ಅವನನ್ನು ಕೇಳಿದವರೂ ಇಲ್ಲ. 1967ರಲ್ಲಿ ಜಗದ್ಗುರು ಆರನೇ ಪೌಲರು ತಮ್ಮ 'ಪೊಪುಲೋರುಂ ಪ್ರೊಗ್ರೆಸ್ಸಿಯೊ' ಪರಿಪತ್ರದಲ್ಲಿ ತೋರಿಸಿದ್ದೂ ಇದನ್ನೇ. ಹಸಿದ ಕಾರ್ಮಿಕ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲವೆಂದು 1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ಬೋಧಿಸಿದ್ದರು. ಅದೇ ಮಾತು ದೇಶಗಳಿಗೂ ಅನ್ವಯಿಸುತ್ತದೆ, ಬಲದಲ್ಲಿ ತೀರ ಅಸಮಾನರಾದವರ ನಡುವೆ ಮುಕ್ತ ವ್ಯಾಪಾರವೊಂದೇ ನ್ಯಾಯದ ಅಳತೆಯಾಗಲಾರದು ಎಂದರು ಪೌಲರು.

ಇಲ್ಲಿಯವರೆಗೆ ನಮ್ಮವರ ಮಾತಾಯಿತು. ಕಷ್ಟದ ಮಾತು ಈಗ ಬರುತ್ತದೆ. ನಮ್ಮ ಬೆಲೆ ಇಳಿಸಿದವರಲ್ಲಿ ವಿಯೆಟ್ನಾಮಿನ ರೈತನೂ ಒಬ್ಬ. ದೀರ್ಘ ಯುದ್ಧದಿಂದ ಜರ್ಝರಿತವಾಗಿದ್ದ ಆ ದೇಶ 1986ರಲ್ಲಿ ತನ್ನ ನೀತಿಯನ್ನು ಬದಲಿಸಿ, 2000ದ ಹೊತ್ತಿಗೆ ಕಾಫಿ ಬೆಳೆಯಲ್ಲಿ ಬ್ರೆಜಿಲಿನ ನಂತರದ ಸ್ಥಾನಕ್ಕೆ ಬಂತು. ಅಲ್ಲಿ ಕಾಡು ನಾಶವಾಯಿತು, ಬೆಟ್ಟದ ಬುಡಕಟ್ಟಿನವರ ನೆಲ ಕೈತಪ್ಪಿತು ಎಂಬುದೂ ನಿಜ. ಆದರೆ ಲಕ್ಷಾಂತರ ಕುಟುಂಬಗಳು ಬಡತನದಿಂದ ಮೇಲೆದ್ದವು. ಅಲ್ಲಿನ ಕಾಫಿ ನಾಡಾದ ಬುವಾನ್ ಮಾ ಥೂಟ್‌ನಲ್ಲಿ ಒಂದು ಧರ್ಮಕ್ಷೇತ್ರವೂ ಇದೆ. ಭಾನುವಾರ ಅಲ್ಲಿ ಬಲಿಪೂಜೆಗೆ ಬರುವವರಲ್ಲಿ ಕಾಫಿ ಬೆಳೆಗಾರರೂ ಇರುತ್ತಾರೆ. ಅವರ ಏಳಿಗೆಯನ್ನು ನಮ್ಮ ಮೇಲಾದ ಅಪರಾಧವೆಂದು ಎಣಿಸಲು ಸಮಾರಿಯದವನ ಸಾಮತಿ ಕೇಳಿದ ಯಾರಿಗೂ ಸಾಧ್ಯವಿಲ್ಲ. ನಮ್ಮ ಕೂಲಿಗಾರನಿಗೆ ಸಾಲ ತೀರಿಸಬೇಕಾದವನು ಆ ರೈತನಲ್ಲ. ಅಗ್ಗದ ಬೀಜ ಕೊಂಡು ದುಬಾರಿ ಲೋಟ ಮಾರಿದ ಕಂಪನಿಗಳುಂಟು, ವ್ಯಾಪಾರ ಬೆಳೆದಾಗ ತೆರಿಗೆ ಪಡೆದ ಸರಕಾರಗಳುಂಟು, ಅಗ್ಗದ ಸಾಮಾನಿನಿಂದ ಹಣ ಉಳಿಸಿದ ನಾವೂ ಉಂಟು.

ಗೋಡೆ ಕಟ್ಟಿದರೆ ಆಗದೇ ಎನ್ನುವವರಿದ್ದಾರೆ. ಕೆಲವೊಮ್ಮೆ ಕಟ್ಟಬೇಕಾದೀತು. ಕಾಫಿ ತೋಟದ ನೆರಳು ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಕತೆ ನಿಮಗೆ ಗೊತ್ತು. ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಒಪ್ಪಂದದ ಬಾಗಿಲಿನಿಂದ ಒಳಬರುತ್ತಿದೆ ಎಂದು ಬೆಳೆಗಾರರು ದೂರಿದ ಮೇಲೆ, ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಆಮದಿಗೆ 2017ರ ಡಿಸೆಂಬರಿನಲ್ಲಿ ಸರಕಾರ ತಡೆ ಹಾಕಿತು. ಆದರೆ ಕಾಫಿಗೆ ಈ ಮದ್ದು ನಾಟುವುದಿಲ್ಲ. ನಮ್ಮ ಕಾಫಿಯ ಹೆಚ್ಚಿನ ಭಾಗ ಹೊರಗೆ ಮಾರಾಟವಾಗುವಂಥದು. ಪರರ ಅಂಗಳದಲ್ಲಿ ಮಾರುವವನಿಗೆ ತನ್ನ ಬೇಲಿಯಿಂದೇನು ರಕ್ಷಣೆ? ಬೇಲಿ ಕಟ್ಟುವ ಹಕ್ಕು ಎಲ್ಲರಿಗೂ ಇದೆ ಎಂಬುದೂ ನೆನಪಿರಲಿ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಶೇಕಡಾ 50ರ ಸುಂಕ ಹೇರಿದಾಗ ಸೀಗಡಿ ಸಾಕುವವರೂ ಸಿದ್ಧ ಉಡುಪು ಹೊಲಿಯುವವರೂ ಕಂಗಾಲಾದರು.

ನೇರವಾಗಿ ಸಾಲ ತೀರಿಸುವ ಪ್ರಯತ್ನಗಳೂ ನಡೆದಿವೆ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ ಕೊಡುವ ಯೋಜನೆಯನ್ನು ಅಮೆರಿಕ 1962ರಲ್ಲೇ ಆರಂಭಿಸಿತ್ತು. 2022ರ ಜುಲೈನಲ್ಲಿ ಅದರ ಅವಧಿ ಮುಗಿದು ಹೊಸಬರಿಗೆ ಬಾಗಿಲು ಮುಚ್ಚಿತು. ನಮ್ಮ ಸರಕಾರ 2003ರಲ್ಲಿ ಚಹ, ಕಾಫಿ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗಾಗಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿಯನ್ನು ಸ್ಥಾಪಿಸಿತು. ಬೆಲೆ ಏರಿದ ವರ್ಷ ಬೆಳೆಗಾರ ಅದಕ್ಕೆ ಹಣ ಹಾಕಬೇಕು, ಬಿದ್ದ ವರ್ಷ ಅದರಿಂದ ಪಡೆಯಬೇಕು. ಯೋಚನೆ ಒಳ್ಳೆಯದಿತ್ತು, ಸೇರಿದವರು ಕಡಿಮೆ. 2010ರಲ್ಲಿ ಕಾಫಿ ಬೆಳೆಗಾರರಿಗೆ ಸಾಲ ಪರಿಹಾರವೂ ಬಂತು. ಎರಡರಲ್ಲೂ ಬೆಲೆ ಕುಸಿತದ ನಷ್ಟವನ್ನು ಅಳೆದದ್ದು ಜಮೀನು ಇದ್ದವರ ಲೆಕ್ಕದಲ್ಲಿ. ಜಮೀನಿಲ್ಲದವನು ಕಳೆದುಕೊಂಡ ಕೆಲಸದ ದಿನಗಳನ್ನು ಎಣಿಸುವ ಏರ್ಪಾಡು ಇರಲಿಲ್ಲ.

2024ರಲ್ಲಿ ರೋಬಸ್ಟಾ ಬೆಲೆ ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರು ದಾಟಿತು. ಈ ಪುಟವನ್ನು ಓದುವ ಬೆಳೆಗಾರ ಕುಟುಂಬಗಳೇ, ಆ ವರ್ಷ ನಿಮ್ಮಲ್ಲಿ ಹಲವರು ಹಳೆಯ ಸಾಲ ತೀರಿಸಿದಿರಿ, ಅದು ಸಂತೋಷದ ಸಂಗತಿ. ಈಗ ಲೈನುಗಳಲ್ಲಿರುವವರು ಹೆಚ್ಚಾಗಿ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದವರು. ಮುಂದಿನ ಸಲ ಬೆಲೆ ಬಿದ್ದಾಗ ಅವರ ಪಾಲಿಗೆ ಸಲ್ಲಬೇಕಾದುದನ್ನು ಯಾವ ಪುಸ್ತಕದಲ್ಲಿ, ಯಾರ ಹೆಸರಿನಲ್ಲಿ ಬರೆದಿಡಬೇಕೆಂದು ನಿಮ್ಮ ಬೆಳೆಗಾರರ ಸಂಘದ ಬರುವ ಸಭೆಯಲ್ಲಿ ಕೇಳಿ ನೋಡಿ.